ಮಕ್ಕಳ ಅಂಕದಲ್ಲಿ ಮೇಷ್ಟರ ಅಳತೆ

ಕೇಳುಗರಿಗೆ ನಮಸ್ಕಾರ.

ಹೋದ ವರ್ಷ ನೂರಕ್ಕೆ 60 ತೆಗೆದಿದ್ದ ಮಗು ಈ ವರ್ಷ 69 ತೆಗೆಯಿತು ಅನ್ನಿ. ಇದರಲ್ಲಿ ಮೇಷ್ಟರ ಪಾಲೆಷ್ಟು? ಒಂಬತ್ತು ಎಂದುಬಿಟ್ಟರೆ ತಪ್ಪಾಗುತ್ತದೆ. ಹೋದ ವರ್ಷ ಅಷ್ಟೇ ಅಂಕ ಪಡೆದಿದ್ದ ರಾಜ್ಯದ ಉಳಿದ ಮಕ್ಕಳು ಈಗ ಸರಾಸರಿ 66ಕ್ಕೆ ಬಂದಿದ್ದರೆ, ಲೆಕ್ಕಕ್ಕೆ ಸಿಗುವುದು ಮಿಕ್ಕ ಮೂರು ಮಾತ್ರ. ತರಗತಿಯ ಎಲ್ಲ ಮಕ್ಕಳ ಇಂಥ ಹೆಚ್ಚುಕಡಿಮೆಗಳ ಸರಾಸರಿಯೇ, ಸ್ಥೂಲವಾಗಿ, ಆ ಶಿಕ್ಷಕರ ‘ಮೌಲ್ಯವರ್ಧನೆ’. ಅಮೆರಿಕದ ಟೆನ್ನೆಸಿ ರಾಜ್ಯ 1992ರಲ್ಲೇ ಇದನ್ನು ಕಾನೂನಿಗೆ ತಂದಿತು. ಲೆಕ್ಕ ರೂಪಿಸಿದವರು ಸಂಖ್ಯಾಶಾಸ್ತ್ರಜ್ಞ ವಿಲಿಯಂ ಸ್ಯಾಂಡರ್ಸ್.

ಇದರ ಉದ್ದೇಶ ನ್ಯಾಯವಾದದ್ದೇ. ಬರೀ ಫಲಿತಾಂಶ ನೋಡಿದರೆ ಅನುಕೂಲಸ್ಥರ ಮಕ್ಕಳಿಗೆ ಪಾಠ ಹೇಳುವವರೇ ಸದಾ ಮುಂದಿರುತ್ತಾರೆ. ಹಿಂದುಳಿದ ಮಗುವನ್ನು ಕೈಹಿಡಿದು ಮೇಲೆತ್ತಿದವರ ದುಡಿಮೆ ಕಣ್ಣಿಗೇ ಬೀಳುವುದಿಲ್ಲ.

ತೊಡಕಿರುವುದು ತರಗತಿಯ ಗಾತ್ರದಲ್ಲಿ. 25 ಮಕ್ಕಳು, ಸರಾಸರಿ 1.2 ಹೆಚ್ಚಳ ಎಂದಿಟ್ಟುಕೊಳ್ಳಿ. ಅವರಲ್ಲಿ ಇಬ್ಬರು ಜ್ವರದಲ್ಲೇ ಪರೀಕ್ಷೆ ಬರೆದು ತಲಾ 20 ಅಂಕ ಕಳೆದುಕೊಂಡಿದ್ದರೆ? ನಲವತ್ತನ್ನು 25ರಿಂದ ಭಾಗಿಸಿ, ಸರಾಸರಿ 1.6 ಕುಸಿಯುತ್ತದೆ. ಹೆಚ್ಚಳ ತೋರಬೇಕಿದ್ದವರು ಸೊನ್ನೆಯಿಂದ 0.4 ಕೆಳಗಿಳಿದರು. ಪಾಠ ಮಾತ್ರ ಅದೇ ಪಾಠ. ಇನ್ನು ಮೊದಲೇ 98 ತೆಗೆದಿದ್ದ ಮಗುವಿಗೆ ಏರಲು ಉಳಿದಿರುವುದೇ ಎರಡು ಅಂಕ.

ನ್ಯೂಯಾರ್ಕ್ ರಾಜ್ಯದ ನಾಲ್ಕನೇ ತರಗತಿಯ ಶಿಕ್ಷಕಿಯೊಬ್ಬರಿಗೆ ಈ ಬಾಬ್ತಿನಲ್ಲಿ ಒಂದು ವರ್ಷ 20ಕ್ಕೆ 14, ಮರುವರ್ಷ 1 ಬಂತು. ಅವರ ಮಕ್ಕಳೋ ಎರಡೂ ವರ್ಷ ಚೆನ್ನಾಗಿಯೇ ಬರೆದಿದ್ದರು. 2016ರಲ್ಲಿ ನ್ಯಾಯಾಲಯ ಆ ಒಂದು ಅಂಕವನ್ನು ರದ್ದುಮಾಡಿತು. ಅದಕ್ಕೂ ಮೊದಲು, 2014ರಲ್ಲಿ, ಅಮೆರಿಕದ ಸಂಖ್ಯಾಶಾಸ್ತ್ರ ಸಂಘ ಎಚ್ಚರಿಸಿತ್ತು. ಮಕ್ಕಳ ಅಂಕಗಳ ಏರುಪೇರಿನಲ್ಲಿ ಶಿಕ್ಷಕರ ಪಾಲು ಶೇಕಡಾ 1ರಿಂದ 14ರಷ್ಟು ಎಂದೇ ಹೆಚ್ಚಿನ ಅಧ್ಯಯನಗಳು ಕಂಡುಕೊಂಡಿವೆ ಎಂದು ಅದು ಹೇಳಿತು.

ಹಾಗೆಂದು ಈ ಅಳತೆಯನ್ನು ಎಸೆಯಬೇಕಿಲ್ಲ. ಆದರೆ ಒಂದೇ ವರ್ಷದ ಅಂಕ ಹಿಡಿದು ಯಾರ ಕೆಲಸವನ್ನೂ ಕಿತ್ತುಕೊಳ್ಳಬಾರದು. ಕನಿಷ್ಠ ಮೂರು ವರ್ಷಗಳದ್ದನ್ನು ಸೇರಿಸಿ ನೋಡಬೇಕು, ಅಂಕದ ಜೊತೆಗೆ ಅದು ಎಷ್ಟು ಹಿಂದೆಮುಂದೆ ಇರಬಹುದೆಂಬುದನ್ನೂ ಬರೆಯಬೇಕು, ಪಾಠ ನಡೆಯುವಾಗ ತರಗತಿಯಲ್ಲಿ ಕುಳಿತು ನೋಡಿದವರ ವರದಿಯೂ ಪಕ್ಕದಲ್ಲಿರಬೇಕು.

ಎಲ್ಲಕ್ಕಿಂತ ಮೊದಲು ಮಕ್ಕಳ ಪಟ್ಟಿ ಸರಿಯಾಗಬೇಕು. ವರ್ಷದ ನಡುವೆ ಬಂದು ಸೇರಿದ ಮಗು, ಅರ್ಧ ದಿನ ಬೇರೊಬ್ಬರ ಬಳಿ ಗಣಿತ ಕಲಿತ ಮಗು ಯಾರ ಲೆಕ್ಕಕ್ಕೆ? ಅಂಕ ಹೊರಬೀಳುವ ಮುನ್ನವೇ ಆ ಪಟ್ಟಿಯನ್ನು ಶಿಕ್ಷಕರ ಕೈಗಿತ್ತು, ಹೆಸರು ಹೆಸರಾಗಿ ತಾಳೆ ನೋಡಿಸಿ ಸಹಿ ಪಡೆಯಬೇಕು.

ನಮಸ್ಕಾರ.