ಹೊಟ್ಟೆ ತುಂಬ ಗಂಜಿ ಕುಡಿದ ಮಗು ಸೊರಗುವುದೇಕೆ?

[ದೃಶ್ಯ: ಎರಡು ಬಟ್ಟಲು. ಒಂದರಲ್ಲಿ ನೀರಾದ ರಾಗಿ ಗಂಜಿ, ಇನ್ನೊಂದರಲ್ಲಿ ಗಟ್ಟಿ ಸರಿ. ಎರಡನ್ನೂ ಚಮಚದಲ್ಲಿ ಎತ್ತಿ ಓರೆ ಮಾಡುವುದು.]

ಎರಡೂ ಬಟ್ಟಲಲ್ಲಿ ಇರುವುದು ರಾಗಿಯೇ. ಮೊದಲನೆಯದು ಚಮಚ ಓರೆಯಾದ ಕೂಡಲೇ ಸುರಿದುಹೋಯಿತು. ಎರಡನೆಯದು ಚಮಚದಲ್ಲೇ ನಿಂತಿದೆ ನೋಡಿ. ಆರು ತಿಂಗಳು ತುಂಬಿದ ಮಗುವಿಗೆ ಬೇಕಾದದ್ದು ಈ ನಿಂತ ಸರಿ. ಬಹಳ ಮನೆಗಳಲ್ಲಿ ಸಿಗುವುದು ಸುರಿದುಹೋದ ಗಂಜಿ.

2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ ಸುಮಾರು 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಇವರೆಲ್ಲ ಊಟ ಸಿಗದ ಮಕ್ಕಳು ಅಂದುಕೊಳ್ಳಬೇಡಿ. ಹೊಟ್ಟೆ ತುಂಬಿದೆ ಎಂದು ಮನೆಯವರು ನಂಬಿರುವ ಮಕ್ಕಳೂ ಇದರಲ್ಲಿದ್ದಾರೆ.

[ದೃಶ್ಯ: ಒಂದು ಲೋಟ ನೀರು, ಪಕ್ಕದಲ್ಲಿ ಎರಡು ಟೀ ಚಮಚ ರಾಗಿ ಹಿಟ್ಟು.]

ಲೆಕ್ಕ ಮಾಡೋಣ. ಏಳು ಕೆಜಿ ತೂಗುವ ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಎಂಎಲ್, ಅಂದರೆ ಒಂದು ಲೋಟ. ಒಂದು ಲೋಟ ನೀರಿಗೆ ಎರಡು ಟೀ ಚಮಚ ಹಿಟ್ಟು ಹಾಕಿದರೆ ಅದರಲ್ಲಿರುವುದು ಸುಮಾರು 20 ಕ್ಯಾಲರಿ. ಎದೆಹಾಲು ಕುಡಿಯುತ್ತಿರುವ 6ರಿಂದ 8 ತಿಂಗಳ ಮಗುವಿಗೆ ಹಾಲಿನ ಜೊತೆಗೆ, ಊಟದಿಂದಲೇ ದಿನಕ್ಕೆ 200 ಕ್ಯಾಲರಿ ಬೇಕು. ಈ ಗಂಜಿಯಲ್ಲಿ ಅಷ್ಟು ಸಿಗಬೇಕಾದರೆ ಮಗು ಹತ್ತು ಲೋಟ ಕುಡಿಯಬೇಕು! ಅದರ ಹೊಟ್ಟೆ ತುಂಬುವುದು ನೀರಿನಿಂದ. ಎದೆಹಾಲಿಗೂ ಜಾಗ ಉಳಿಯುವುದಿಲ್ಲ.

ತಾಯಂದಿರು ನೀರು ಹೆಚ್ಚು ಹಾಕುವುದಕ್ಕೆ ಕಾರಣವಿದೆ, ಅದು ಉದಾಸೀನವಲ್ಲ. ಬಿಸಿ ನೀರಿನಲ್ಲಿ ರಾಗಿಯ ಪಿಷ್ಟ ಉಬ್ಬುತ್ತದೆ. ಹಿಟ್ಟು ಸ್ವಲ್ಪ ಜಾಸ್ತಿಯಾದರೂ ಮುದ್ದೆಯ ಹಾಗೆ ಬಿಗಿಯುತ್ತದೆ, ಮಗು ನುಂಗುವುದಿಲ್ಲ. ಹಿಟ್ಟು ಕಡಿಮೆ ಮಾಡದೆ ಸರಿಯನ್ನು ಸಡಿಲ ಮಾಡುವ ಉಪಾಯ ನಮ್ಮ ಅಜ್ಜಿಯಂದಿರ ಕೈಯಲ್ಲೇ ಇತ್ತು: ಮೊಳಕೆ.

[ದೃಶ್ಯ: ರಾಗಿ ತೊಳೆಯುವುದು, ಬಟ್ಟೆಯಲ್ಲಿ ಗಂಟು ಕಟ್ಟುವುದು.]

ಅರ್ಧ ಕೆಜಿ ರಾಗಿಯನ್ನು ಕಲ್ಲು, ಮಣ್ಣು ಹೋಗುವವರೆಗೆ ತೊಳೆದು ಹನ್ನೆರಡು ಗಂಟೆ ನೆನೆಸಿ. ನಡುವೆ ಒಮ್ಮೆ ನೀರು ಬದಲಿಸಿ. ಬಸಿದು ತೆಳು ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ, ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸುತ್ತಿರಿ. ಒಂದರಿಂದ ಒಂದೂವರೆ ದಿನದಲ್ಲಿ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಇನ್ನೂ ತಡ. ಲೋಳೆಯಾದರೆ, ಹುಳಿ ವಾಸನೆ ಬಂದರೆ, ಬೂಸ್ಟು ಕಂಡರೆ ಪೂರ್ತಿ ಎಸೆಯಿರಿ. ತೊಳೆದು ಉಳಿಸಿಕೊಳ್ಳಲು ಹೋಗಬೇಡಿ.

ಮೊಳಕೆ ಬಂದದ್ದನ್ನು ಗರಿಗರಿಯಾಗುವವರೆಗೆ ಒಣಗಿಸಿ, ಕೈಯಲ್ಲಿ ಉಜ್ಜಿ ಬೇರು ಕೇರಿ ತೆಗೆಯಿರಿ. ಇಲ್ಲಿ ಒಂದು ಮುಖ್ಯ ಮಾತು. ಎಲ್ಲವನ್ನೂ ಹುರಿಯಬೇಡಿ. ಒಂದು ಹಿಡಿ ಹುರಿಯದೆ ಬೇರೆ ಬೀಸಿ, ಬೇರೆ ಡಬ್ಬಿಯಲ್ಲಿಡಿ. ಉಳಿದದ್ದನ್ನು ಸಣ್ಣ ಉರಿಯಲ್ಲಿ ಘಮ ಬರುವಷ್ಟೇ ಹುರಿದು ಬೀಸಿಸಿ. ಮೊಳಕೆಯಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವ ಇರುತ್ತದೆ, ಜೋರಾಗಿ ಹುರಿದರೆ ಅದು ಸತ್ತುಹೋಗುತ್ತದೆ. ಅರಳು ಹುರಿದು ಮಾಡಿದ ಹುರಿಹಿಟ್ಟು ರುಚಿಯೇನೋ ಹೌದು, ಆದರೆ ಈ ಕೆಲಸಕ್ಕೆ ಬರುವುದಿಲ್ಲ.

[ದೃಶ್ಯ: ಒಲೆಯ ಮೇಲೆ ಪಾತ್ರೆ. ಅಳತೆ ಚಮಚಗಳು ಹತ್ತಿರದಿಂದ.]

ಒಂದು ಹೊತ್ತಿಗೆ: 20 ಗ್ರಾಂ ರಾಗಿ ಹಿಟ್ಟು, ಅಂದರೆ ಎರಡು ಊಟದ ಚಮಚ. 10 ಗ್ರಾಂ ಹುರಿಗಡಲೆ ಪುಡಿ, ಒಂದು ಚಮಚ. ನೀರು 200 ಎಂಎಲ್. ರಾಗಿಯ ಪ್ರೋಟೀನಿನಲ್ಲಿ ಇರುವ ಕೊರತೆಯನ್ನು ಕಡಲೆ, ಹೆಸರುಬೇಳೆಯಂಥ ಕಾಳು ತುಂಬುತ್ತದೆ. ತಣ್ಣೀರಿನಲ್ಲೇ ಗಂಟಿಲ್ಲದ ಹಾಗೆ ಕಲಸಿ, ಸಣ್ಣ ಉರಿಯಲ್ಲಿ ಏಳೆಂಟು ನಿಮಿಷ ಕೈಯಾಡಿಸಿ. ಬಿಗಿಯಾಗುತ್ತದೆ, ಹೆದರಬೇಡಿ. ಇಳಿಸಿ, ಕುದಿ ನಿಂತು ಬಿಸಿ ಇನ್ನೂ ಇರುವಾಗ ಹುರಿಯದ ಮೊಳಕೆ ಹಿಟ್ಟನ್ನು ಅರ್ಧ ಟೀ ಚಮಚ ಸೇರಿಸಿ ತಿರುವಿ. ಎರಡು ಮೂರು ನಿಮಿಷದಲ್ಲಿ ಸರಿ ಸಡಿಲವಾಗುತ್ತದೆ, ಸ್ವಲ್ಪ ಸಿಹಿಯೂ ಆಗುತ್ತದೆ. ಕುದಿಯುವಾಗಲೇ ಹಾಕಿದರೆ ಕಿಣ್ವ ಸಾಯುತ್ತದೆ, ಆರಿದ ಮೇಲೆ ಹಾಕಿದರೆ ಕೆಲಸ ಮಾಡುವುದಿಲ್ಲ. ಸಡಿಲವಾದ ಮೇಲೆ ಮತ್ತೆ ಒಂದು ನಿಮಿಷ ಕುದಿಸಲೇಬೇಕು, ಯಾಕೆಂದರೆ ಹಾಕಿದ್ದು ಹಸಿ ಹಿಟ್ಟು. ಕೊನೆಗೆ ಒಂದು ಟೀ ಚಮಚ ತುಪ್ಪ ಅಥವಾ ಎಣ್ಣೆ.

ಈಗ ಅದೇ ಬಟ್ಟಲಿನಲ್ಲಿ ಸುಮಾರು 140 ಕ್ಯಾಲರಿ ಇದೆ. ಒಂದು ವರ್ಷದವರೆಗೆ ಉಪ್ಪು, ಸಕ್ಕರೆ ಬೇಡ. ಜೇನುತುಪ್ಪವಂತೂ ಬೇಡವೇ ಬೇಡ. ಸಿಹಿ ಬೇಕಾದರೆ ಬಾಳೆಹಣ್ಣು ಕಿವುಚಿ ಹಾಕಿ. ಸರಿಯನ್ನು ಸೀಸೆಯಲ್ಲಿ ಕುಡಿಸಬೇಡಿ: ನಿಪ್ಪಲ್‌ನಲ್ಲಿ ಹಾಯಲಿ ಎಂದು ಮತ್ತೆ ನೀರು ಬೆರೆಸುತ್ತೀರಿ, ಸೀಸೆಯೊಳಗೆ ಉಳಿದ ಕೊಳೆಯಿಂದ ಭೇದಿಯೂ ಶುರುವಾಗುತ್ತದೆ.

[ದೃಶ್ಯ: 250 ಎಂಎಲ್ ಬಟ್ಟಲಿನ ಮೇಲೆ ಅರ್ಧ, ಮುಕ್ಕಾಲು ಗುರುತು.]

ಶುರುವಿನಲ್ಲಿ ಎರಡು ಮೂರು ಚಮಚ ಸಾಕು. ಎಂಟು ತಿಂಗಳ ಹೊತ್ತಿಗೆ ಅರ್ಧ ಬಟ್ಟಲಿನಂತೆ ದಿನಕ್ಕೆ ಎರಡು ಮೂರು ಸಲ, ಹನ್ನೊಂದು ತಿಂಗಳವರೆಗೆ ಮೂರು ನಾಲ್ಕು ಸಲ. ವರ್ಷ ದಾಟಿದ ಮೇಲೆ ಮುಕ್ಕಾಲರಿಂದ ಒಂದು ಬಟ್ಟಲು, ನಡುವೆ ಒಂದೆರಡು ಸಲ ತಿಂಡಿ. ಮಗುವಿಗೆ ಬೇರೆ ಬಟ್ಟಲಿರಲಿ. ದೊಡ್ಡವರ ತಟ್ಟೆಯಿಂದ ಒಂದೊಂದು ತುತ್ತು ಕೊಟ್ಟರೆ ಎಷ್ಟು ತಿಂದಿತೆಂದು ಯಾರಿಗೂ ತಿಳಿಯುವುದಿಲ್ಲ. ಎದೆಹಾಲು ಎರಡು ವರ್ಷ ತುಂಬಿದ ಮೇಲೂ ಮುಂದುವರಿಯಬಹುದು.

ಬೇಳೆಕಟ್ಟನ್ನು ಮಾತ್ರ ಕೊಟ್ಟು ಬೇಳೆಯನ್ನು ದೊಡ್ಡವರು ತಿನ್ನುವ ಪದ್ಧತಿ ನಮಗೆ ಬಹಳ ನೋವು ಕೊಡುತ್ತದೆ. ಶಕ್ತಿ ಇರುವುದು ಬೇಳೆಯಲ್ಲಿ, ಅದನ್ನೇ ನುಣ್ಣಗೆ ಕಿವುಚಿ ಅನ್ನದ ಜೊತೆ ಕೊಡಿ. ಮೊಟ್ಟೆ ಉಷ್ಣ ಎಂದು ತಡೆಯಬೇಡಿ. ಚೆನ್ನಾಗಿ ಬೆಂದ ಮೊಟ್ಟೆಯನ್ನು ಆರು ತಿಂಗಳ ನಂತರ ಕೊಡಬಹುದು. ಟೀಯಲ್ಲಿ ಅದ್ದಿದ ಬಿಸ್ಕತ್ತು ಊಟವಲ್ಲ, ಟೀ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಆಶಾ ಕಾರ್ಯಕರ್ತೆ ಕೊಡುವ ಕಬ್ಬಿಣದ ಸಿರಪ್ ವಾರಕ್ಕೆ ಎರಡು ಸಲ, ಒಂದೊಂದು ಎಂಎಲ್. ಮಲ ಕಪ್ಪಾದರೆ ಗಾಬರಿ ಬೇಡ.

ಭೇದಿಯಾದಾಗ ಊಟ ನಿಲ್ಲಿಸಿದರೆ ಎರಡು ತಿಂಗಳ ಶ್ರಮ ಒಂದು ವಾರದಲ್ಲಿ ಕರಗುತ್ತದೆ. ಓಆರ್‌ಎಸ್ ಜೊತೆ ಎದೆಹಾಲು, ಊಟ ಎರಡೂ ನಡೆಯಲಿ. ಆರು ತಿಂಗಳು ದಾಟಿದ ಮಗುವಿಗೆ ಜಿಂಕ್ 20 ಮಿಲಿಗ್ರಾಂ, 14 ದಿನ. ಭೇದಿ ನಿಂತರೂ ಪೂರ್ತಿ ಮಾಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ.

[ದೃಶ್ಯ: ಮೂರು ಬಣ್ಣದ ತೋಳಿನ ಪಟ್ಟಿ.]

ತಿಂಗಳಿಗೊಮ್ಮೆ ಅಂಗನವಾಡಿಯಲ್ಲಿ ತೂಕ ಮಾಡಿಸಿ, ತಾಯಿ ಕಾರ್ಡಿನ ಗೆರೆ ಮೇಲೇರುತ್ತಿದೆಯೇ ಎಂದು ನೀವೇ ಕೇಳಿ ನೋಡಿ. ಎರಡು ತಿಂಗಳು ಗೆರೆ ಮಲಗಿದರೆ ಮಗು ತೆಳ್ಳಗೆ ಕಾಣದಿದ್ದರೂ ವಿಚಾರಿಸಿ. ಎಡ ತೋಳಿನ ನಡುಭಾಗದ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಹಳದಿ, 11.5ಕ್ಕಿಂತ ಕಡಿಮೆಯಾದರೆ ಕೆಂಪು. ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡು ಒತ್ತಿ ಬಿಡಿ. ಗುಳಿ ಹಾಗೇ ಉಳಿದರೆ ಅದು ನೀರು ತುಂಬಿದ ಬಾವು, ಮಗು ಗುಂಡಗಿದೆ ಎಂದು ಸಂತೋಷಪಡಬೇಡಿ. ಕೆಂಪು ಬಂದರೆ, ಗುಳಿ ಬಿದ್ದರೆ, ಮಗು ಎದೆಹಾಲು ಎಳೆಯದಿದ್ದರೆ ಮನೆಯಲ್ಲಿ ಸರಿ ಮಾಡುತ್ತಾ ಕಾಯಬೇಡಿ. ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಎನ್‌ಆರ್‌ಸಿಗೆ, ಅಂದರೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಚೀಟಿ ಬರೆಸಿಕೊಳ್ಳಿ. ತಾಯಿ ಕಾರ್ಡು ಜೊತೆಗಿರಲಿ.