ಗೆಸ್ಟ್ ಖಾತೆಗೆ ಒಲ್ಲೆ ಎಂದ ಹೊಸ ಕಂಪ್ಯೂಟರ್

ಇದು ಮೈಸೂರಿನ ಶಿವರಾಮಪೇಟೆಯಲ್ಲಿರುವ ನಮ್ಮ ಮಾವನ ಡಿಟಿಪಿ ಅಂಗಡಿ. ಆಷಾಢ ಮುಗಿದಿದೆ, ಲಗ್ನಪತ್ರಿಕೆಗಳ ಭರಾಟೆ. ಮೂಲೆಯಲ್ಲಿ ಕಾಣುತ್ತಿದೆಯಲ್ಲ, ಆ ಹಳೆಯ ಕಂಪ್ಯೂಟರಿನಲ್ಲಿರುವುದು ವಿಂಡೋಸ್ 7. ನುಡಿ ಫಾಂಟಿನಲ್ಲಿ ಜೋಡಿಸಿದ ಪತ್ರಿಕೆಗಳೆಲ್ಲ ಅದರೊಳಗಿನ ಒಂದು ಫೋಲ್ಡರಿನಲ್ಲಿವೆ. ಪಾಸ್‌ವರ್ಡಿನ ಗೊಡವೆಯಿಲ್ಲದೆ, ಗೆಸ್ಟ್ ಖಾತೆಯ ಮೂಲಕ, ಅಂಗಡಿಯ ಎಲ್ಲ ಯಂತ್ರಗಳಿಗೂ ಅದು ತೆರೆದುಕೊಳ್ಳುತ್ತಿತ್ತು. ಹೊಸದಾಗಿ ತಂದ ವಿಂಡೋಸ್ 11 ಪ್ರೊ ಮಾತ್ರ ಒಲ್ಲೆ ಎನ್ನುತ್ತಿದೆ.

ಪರದೆಯ ಮೇಲಿನ ಸಂದೇಶ ನೋಡಿ. ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ ಪ್ರವೇಶವನ್ನು ತಡೆಯುತ್ತಿದೆಯಂತೆ. "ಯಾವ ಸಂಸ್ಥೆಯಪ್ಪಾ? ಇಲ್ಲಿರುವುದು ನಾನು, ಈ ಹುಡುಗ, ಇಬ್ಬರೇ!" ಎಂದು ಮಾವ ರೇಗಿದರು.

ಹೊಸದರಿಂದ ಹಳೆಯದನ್ನು ಪಿಂಗ್ ಮಾಡಿದರೆ, ಅಂದರೆ 'ಇದ್ದೀಯಾ?' ಎಂದು ನೆಟ್‌ವರ್ಕಿನಲ್ಲಿ ಕೂಗಿದರೆ, ಉತ್ತರ ಬರುತ್ತಿದೆ, ಹಾಗಾಗಿ ಕೇಬಲ್, ರೂಟರ್ ಎರಡೂ ಸರಿಯಾಗಿವೆ. ನೆಟ್‌ವರ್ಕ್ ಪ್ರೊಫೈಲ್ ಕೂಡ ಪ್ರೈವೇಟ್ (ಹಂಚಿಕೆಗೆ ಅವಕಾಶವಿರುವ ನಂಬಿಕೆಯ ನೆಟ್‌ವರ್ಕ್) ಎಂದೇ ಇದೆ. ಅಡ್ಡಿಯಿರುವುದು ಬೇರೆ ಕಡೆ. ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ, ಪ್ರೊನಲ್ಲಿ ಎಸ್‌ಎಂಬಿ (ನೆಟ್‌ವರ್ಕಿನಲ್ಲಿ ಫೋಲ್ಡರ್ ಹಂಚಿಕೊಳ್ಳುವ ವಿಧಾನ) ಮೂಲಕ ನಡೆಯುವ ಕಡತ ವಿನಿಮಯಕ್ಕೆ ಡಿಜಿಟಲ್ ಸಹಿ, ಅಂದರೆ ಕಳಿಸಿದ್ದು ದಾರಿಯಲ್ಲಿ ಬದಲಾಗಿಲ್ಲ ಎಂದು ಖಾತ್ರಿಪಡಿಸುವ ಗುರುತು, ಕಡ್ಡಾಯ. ಆ ಸಹಿಗೆ ಬೇಕಾದ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲದ ಮೇಲೆ ಸಹಿ ಎಲ್ಲಿಂದ ಬರಬೇಕು?

ಸಹಿಯ ಕಡ್ಡಾಯವನ್ನೂ ಗೆಸ್ಟ್ ಮೇಲಿನ ತಡೆಯನ್ನೂ ತೆಗೆದುಹಾಕಿದರೆ ಫೋಲ್ಡರ್ ತೆರೆಯುತ್ತದೆ. ಹೆಚ್ಚಿನವರು ಮಾಡುವುದೂ ಅದನ್ನೇ. ನಾನು ಒಪ್ಪಲಿಲ್ಲ. ಇದೇ ವೈಫೈಯನ್ನು ಗ್ರಾಹಕರಿಗೂ ಕೊಡುತ್ತಾರೆ. ಗೆಸ್ಟ್ ಎಂದು ಒಳಬಂದವರಲ್ಲಿ ಯಾರು ಯಾರೆಂದು ತಿಳಿಯುವುದು ಹೇಗೆ?

ಅದರ ಬದಲು ಹಳೆಯ ಯಂತ್ರದಲ್ಲಿ "ಅಂಗಡಿ" ಎಂಬ ಖಾತೆ ತೆರೆದು, ಪಾಸ್‌ವರ್ಡ್ ಇಟ್ಟೆ. ಫೋಲ್ಡರಿನ ಶೇರಿಂಗ್ ಅನುಮತಿಯನ್ನು ಆ ಖಾತೆಗೆ ಕೊಟ್ಟರೆ ಸಾಲದು, ಸೆಕ್ಯುರಿಟಿ ಟ್ಯಾಬಿನಲ್ಲೂ ಕೊಡಬೇಕು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ಹೊಸದರಲ್ಲಿ ಬಳಕೆದಾರರ ಹೆಸರು ಕೇಳಿದಾಗ ಮೊದಲು ಹಳೆಯ ಕಂಪ್ಯೂಟರಿನ ಹೆಸರು, ಹಿಂಓರೆ ಗೆರೆ (\), ಆಮೇಲೆ ಖಾತೆಯ ಹೆಸರು. ನೆನಪಿಟ್ಟುಕೊಳ್ಳುವಂತೆ ಗುರುತು ಹಾಕಿದರೆ ದಿನವೂ ಟೈಪಿಸುವ ಕಾಟವಿಲ್ಲ. ನೋಡಿ, ಫೋಲ್ಡರ್ ತೆರೆಯಿತು. ತಿ. ನರಸೀಪುರದಿಂದ ಬಂದು ಬೆಂಚಿನ ಮೇಲೆ ಕಾಯುತ್ತಿದ್ದ ಯಜಮಾನರ ಪತ್ರಿಕೆ ಪ್ರಿಂಟರಿಗೆ ಹೋಯಿತು.

ಇನ್ನೊಂದು ಕೆಲಸ ಉಳಿದಿತ್ತು. ವಿಂಡೋಸ್ 7ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2020ರ ಜನವರಿಯಲ್ಲೇ ನಿಂತಿದೆ, ಹಾಗಾಗಿ ಅದನ್ನು ಇಂಟರ್ನೆಟ್ಟಿಗೆ ಬಿಡುವುದು ಅಪಾಯ. ಅದಕ್ಕೆ ಸ್ಥಿರ ಐಪಿ (ಬದಲಾಗದ ನೆಟ್‌ವರ್ಕ್ ವಿಳಾಸ) ಕೊಟ್ಟು, ಹೊರಗಿನ ದಾರಿ ತೋರುವ ಗೇಟ್‌ವೇ ಜಾಗವನ್ನು ಖಾಲಿ ಬಿಟ್ಟೆ. ಅಂಗಡಿಯೊಳಗಿನ ಹಂಚಿಕೆ ನಡೆಯುತ್ತದೆ, ಹೊರಗಿನ ಇಂಟರ್ನೆಟ್ ಇಲ್ಲ.

"ಹಾಗಾದರೆ ಕ್ರಿಕೆಟ್ ಸ್ಕೋರ್?" ಎಂದರು ಮಾವ.

ಹೊಸದರಲ್ಲಿ ನೋಡಿಕೊಳ್ಳಿ ಎಂದೆ.