ಬಂಕಿನ ಬೋರ್ಡು, ನೆಲದಡಿಯ ಟ್ಯಾಂಕು

ಕೇಳುಗರಿಗೆ ನಮಸ್ಕಾರ.

ಕೋಲಾರದಿಂದ ಮುಳಬಾಗಿಲು ದಾಟಿ ನಂಗಲಿ ಕಡೆಗೋ, ಚಿಕ್ಕಬಳ್ಳಾಪುರದಿಂದ ಬಾಗೇಪಲ್ಲಿ ಕಡೆಗೋ ಹೋಗುವ ಲಾರಿಯವರು ಗಡಿಯ ಈಚೆಗೇ ಟ್ಯಾಂಕ್ ತುಂಬಿಸಿಕೊಳ್ಳುತ್ತಾರೆ. ಆಂಧ್ರದಲ್ಲಿ ಮಾರಾಟ ತೆರಿಗೆ ಹೆಚ್ಚು, ಹಾಗಾಗಿ ಲೀಟರಿನ ಬೆಲೆಯೂ ಹೆಚ್ಚು. ಬಂಕಿನ ವ್ಯಾಪಾರ ಕುದುರುವುದು ಇಂಥ ಲೆಕ್ಕದ ಮೇಲೆ. ಬಂಕಿನ ಮೇಲೆ ಕಂಪನಿಯ ಹೆಸರು ಹೊತ್ತ ಬೋರ್ಡು ಇಳಿಯುವುದು, ವರ್ಷಗಳ ಮೇಲೆ ಮತ್ತೆ ಏರುವುದು, ಅದೂ ಬಹುಪಾಲು ಬೆಲೆಯ ಲೆಕ್ಕವೇ.

ಮೊದಲ ಸಲ ಬೋರ್ಡುಗಳು ಇಳಿದದ್ದು ಮಾತ್ರ ರಾಷ್ಟ್ರೀಕರಣದಿಂದ. 1974ರಲ್ಲಿ ವಿದೇಶಿ ಕಂಪನಿ ಎಸ್ಸೋ ಸರ್ಕಾರದ ವಶವಾಗಿ ಹಿಂದೂಸ್ತಾನ್ ಪೆಟ್ರೋಲಿಯಂ ಆಯಿತು. 1978ರಲ್ಲಿ ಕ್ಯಾಲ್ಟೆಕ್ಸ್ ಕೂಡ ಅದಕ್ಕೇ ಸೇರಿತು. 1976ರಲ್ಲಿ ಸರ್ಕಾರದ ಕೈಗೆ ಬಂದ ಬರ್ಮಾ ಶೆಲ್, ಮರುವರ್ಷ ಭಾರತ್ ಪೆಟ್ರೋಲಿಯಂ ಎಂಬ ಹೆಸರು ಪಡೆಯಿತು. ಐಬಿಪಿ ಎಂಬ ಹಳೆಯ ಹೆಸರು 2007ರಲ್ಲಿ ಇಂಡಿಯನ್ ಆಯಿಲ್‌ನೊಳಗೆ ಕರಗಿತು. ಶೆಲ್ ಮಾತ್ರ ಈ ಶತಮಾನದ ಮೊದಲ ದಶಕದಲ್ಲಿ ತನ್ನ ಹೆಸರಲ್ಲೇ ಮರಳಿ ಬಂತು. ಎಸ್ಸಾರ್ 2017ರಲ್ಲಿ ಮಾಲೀಕರು ಬದಲಾದ ಮೇಲೆ ನಯಾರಾ ಆಯಿತು.

ರಿಲಯನ್ಸ್ ಬಂಕುಗಳ ಕಥೆ ಬೇರೆ. 2008ರಲ್ಲಿ ಅದರ ಸುಮಾರು 1,400 ಬಂಕುಗಳಿಗೆ ಬೀಗ ಬಿತ್ತು. ಆಗ ಸರ್ಕಾರಿ ಕಂಪನಿಗಳು ಅಸಲಿಗಿಂತ ಕಡಿಮೆ ಬೆಲೆಗೆ ಮಾರುತ್ತಿದ್ದವು, ನಷ್ಟಕ್ಕೆ ಸರ್ಕಾರ ಬಾಂಡ್, ಅಂದರೆ ಮುಂದೆ ತೀರಿಸುವ ಸಾಲಪತ್ರ, ಕೊಡುತ್ತಿತ್ತು. ಖಾಸಗಿಯವರಿಗೆ ಆ ಆಸರೆ ಇರಲಿಲ್ಲ. ಪಕ್ಕದ ಬಂಕಿನಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆ ಇದ್ದರೆ ಡೀಸೆಲ್ ಲಾರಿ ಇತ್ತ ತಿರುಗಿಯೂ ನೋಡುವುದಿಲ್ಲ. ಪೆಟ್ರೋಲ್ ಬೆಲೆಯ ನಿಯಂತ್ರಣ 2010ರ ಜೂನ್‌ನಲ್ಲಿ, ಡೀಸೆಲ್‌ದು 2014ರ ಅಕ್ಟೋಬರ್‌ನಲ್ಲಿ ತೆಗೆದ ಮೇಲೆ ಆ ಬಂಕುಗಳು ಒಂದೊಂದಾಗಿ ತೆರೆದವು. ಈಗ ಅವುಗಳ ಮೇಲೆ ಜಿಯೋ-ಬಿಪಿ ಹೆಸರಿದೆ. ಜಾಗ ಕೊಟ್ಟು, ಸಾಲ ಮಾಡಿ ಬಂಕು ಕಟ್ಟಿದ್ದ ಡೀಲರುಗಳು ಅಷ್ಟು ವರ್ಷ ಕಾಯಬೇಕಾಯಿತು. ಕರಾರು ಇರುವಾಗ ಬೇರೆ ಕಂಪನಿಯ ಬೋರ್ಡು ಹಾಕುವಂತಿಲ್ಲ. ನನ್ನ ಮಟ್ಟಿಗೆ ಈ ಕಥೆಯಲ್ಲಿ ಹೆಚ್ಚು ಪೆಟ್ಟು ತಿಂದವರು ಅವರೇ.

ಬೋರ್ಡು ಬದಲಾದರೆ ಎಣ್ಣೆಯೂ ಬದಲಾಗುತ್ತದೆಯೇ? ನಮ್ಮ ಭಾಗದಲ್ಲಿ ಅಷ್ಟೇನೂ ಇಲ್ಲ. ಮಂಗಳೂರಿನ ಶುದ್ಧೀಕರಣ ಘಟಕದಿಂದ ಹಾಸನದ ಮೇಲೆ ಹಾದು, ಹೊಸಕೋಟೆ ಬಳಿಯ ದೇವನಗೊಂದಿಗೆ ಸುಮಾರು 360 ಕಿಲೋಮೀಟರ್ ಪೈಪ್‌ಲೈನ್ ಇದೆ. ಅಲ್ಲಿನ ಡಿಪೋಗಳಲ್ಲಿ ತುಂಬಿಸಿಕೊಂಡ ಟ್ಯಾಂಕರುಗಳು ಸುತ್ತಲ ಜಿಲ್ಲೆಗಳಿಗೆ ಹೊರಡುತ್ತವೆ. ಕಂಪನಿಗಳು ತಮ್ಮೊಳಗೆ ಸರಕು ಬದಲಾಯಿಸಿಕೊಳ್ಳುವುದೂ ಉಂಟು. ಗಂಧಕ ಹತ್ತು ಪಿಪಿಎಂ, ಅಂದರೆ ಹತ್ತು ಲಕ್ಷದಲ್ಲಿ ಹತ್ತು ಭಾಗ, ಮೀರಬಾರದೆಂಬ ಬಿಎಸ್-6 ಮಾಲಿನ್ಯ ನಿಯಮ ಎಲ್ಲರಿಗೂ ಒಂದೇ. ಕಂಪನಿ ಕಂಪನಿಗೆ ಬೇರೆಯಾಗುವುದು ಮೇಲೆ ಬೆರೆಸುವ ಒಂದಿಷ್ಟು ರಾಸಾಯನಿಕ, ಮುಖ್ಯವಾಗಿ ದುಬಾರಿ ಪ್ರೀಮಿಯಂ ಪೆಟ್ರೋಲಿನಲ್ಲಿ.

ಆದ್ದರಿಂದ ವರ್ಷಗಟ್ಟಲೆ ಮುಚ್ಚಿದ್ದ ಬಂಕು ಮತ್ತೆ ತೆರೆದಾಗ ನೋಡಬೇಕಾದದ್ದು ಬೋರ್ಡನ್ನಲ್ಲ, ನೆಲದಡಿಯ ಟ್ಯಾಂಕನ್ನು. ಅದರ ತಳದಲ್ಲಿ ತುಕ್ಕು, ರಾಡಿ, ಮಳೆನೀರು ಕೂತಿರುತ್ತವೆ. ಉಳಿದ ಎಣ್ಣೆಯನ್ನು ತೆಗೆದು, ಆವಿಯನ್ನು ಪೂರ್ತಿ ಹೊರಹಾಕಿ, ಮೀಟರಿನಿಂದ ಪರೀಕ್ಷಿಸಿದ ಮೇಲಷ್ಟೇ ಆಳು ಒಳಗಿಳಿಯಬೇಕು. ಖಾಲಿ ಟ್ಯಾಂಕಿನ ಆವಿಯೇ ತುಂಬಿದ ಟ್ಯಾಂಕಿಗಿಂತ ಅಪಾಯ. ತಳ ಕೆರೆದಾದ ಮೇಲೆ ಪೈಪುಗಳಿಗೆ ಒತ್ತಡ ಕೊಟ್ಟು ಸೋರಿಕೆ ನೋಡಬೇಕು. ಒಣಗಿ ಬಿರಿದ ಹೋಸ್, ನಾಝಲ್ಲಿನ ಸೀಲು, ಫಿಲ್ಟರು ಬದಲಿಸಬೇಕು. ಕೊನೆಗೆ ಕಾನೂನು ಮಾಪನ ಇಲಾಖೆಯವರು ಅಳೆದು ಮುದ್ರೆ ಹಾಕಿದ ಮೇಲೆಯೇ ಮಾರಾಟ.

ನೀರಿನ ವಿಷಯದಲ್ಲಿ ಈಗ ಇನ್ನೂ ಎಚ್ಚರ ಬೇಕು. ಹಿಂದೆ ನೀರು ತಳದಲ್ಲಿ ಬೇರೆಯಾಗಿ ನಿಲ್ಲುತ್ತಿತ್ತು, ಕೋಲಿಗೆ ಪೇಸ್ಟ್ ಹಚ್ಚಿ ಇಳಿಸಿದರೆ ಬಣ್ಣ ತಿರುಗಿ ಎಷ್ಟಿದೆಯೆಂದು ಗೊತ್ತಾಗುತ್ತಿತ್ತು. ಈಗ ಪೆಟ್ರೋಲಿನಲ್ಲಿ ಶೇಕಡಾ 20ರಷ್ಟು ಎಥನಾಲ್ ಇದೆ, ಅದು ನೀರನ್ನು ಹೀರಿಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎಥನಾಲ್ ಮತ್ತು ನೀರು ಒಟ್ಟಾಗಿ ಕೆಳಗೆ ಬೇರ್ಪಡುತ್ತವೆ. ಪಂಪು ಎಳೆಯುವುದು ತಳದಿಂದ. ಹಾಕಿಸಿಕೊಂಡು ಒಂದೆರಡು ಕಿಲೋಮೀಟರಿನಲ್ಲೇ ಬೈಕು ನಿಂತರೆ, ಪ್ಲಗ್ಗನ್ನು ದೂರುವ ಮೊದಲು ಇದನ್ನು ಅನುಮಾನಿಸಿ.

ಗಿರಾಕಿಗೆ ಎರಡು ಪರೀಕ್ಷೆ ಕೇಳುವ ಹಕ್ಕಿದೆ. ಮೊದಲನೆಯದು ಅಳತೆ. ಮುದ್ರೆ ಇರುವ ಐದು ಲೀಟರಿನ ಪಾತ್ರೆಯನ್ನು ಒಮ್ಮೆ ತುಂಬಿ, ಬಗ್ಗಿಸಿ, ಹನಿ ಇಳಿಯಲು ಬಿಟ್ಟು ಮತ್ತೆ ತುಂಬಿಸಬೇಕು. ಒಣಗಿದ ಪಾತ್ರೆಯಲ್ಲಿ ಸುರಿದರೆ ಸ್ವಲ್ಪ ಕಡಿಮೆ ತೋರಿಸುತ್ತದೆ. 25 ಮಿಲಿಲೀಟರಿಗಿಂತ ಹೆಚ್ಚು ಕೊರತೆ ಬಂದರೆ ತಕರಾರಿಗೆ ಕಾರಣವಿದೆ. ಎರಡನೆಯದು ಸಾಂದ್ರತೆ. ಗಾಜಿನ ಜಾಡಿಗೆ ಅರ್ಧ ಲೀಟರ್ ತುಂಬಿ, ಸಾಂದ್ರತೆ ತೋರಿಸುವ ಹೈಡ್ರೋಮೀಟರ್ ಮತ್ತು ಥರ್ಮಾಮೀಟರ್ ಇಳಿಸಿ, ಎರಡು ಅಂಕಿಗಳನ್ನೂ ಓದಬೇಕು. ಬಂಕಿನಲ್ಲಿ ಸಾಂದ್ರತೆ ಬರೆದಿಡುವ ಬೋರ್ಡಿನ ಮೇಲಿನ ಅಂಕಿ 15 ಡಿಗ್ರಿಯದು, ಘನ ಮೀಟರಿಗೆ ಇಷ್ಟು ಕಿಲೋ ಎಂಬ ಲೆಕ್ಕದ್ದು. ನಮ್ಮೂರಿನ 30 ಡಿಗ್ರಿಯಲ್ಲಿ ಪೆಟ್ರೋಲ್ ಹಿಗ್ಗಿ, ಜಾಡಿಯಲ್ಲಿ ಸುಮಾರು 12 ಕಡಿಮೆ ಕಾಣುತ್ತದೆ. ಅದನ್ನು ಕಲಬೆರಕೆ ಎಂದು ಜಗಳ ತೆಗೆಯಬೇಡಿ. ಬಂಕಿನಲ್ಲಿರುವ ಕೋಷ್ಟಕದಿಂದ 15 ಡಿಗ್ರಿಗೆ ತಿರುಗಿಸಿದ ಮೇಲೂ ಬೋರ್ಡಿಗೂ ಜಾಡಿಗೂ 3ಕ್ಕಿಂತ ಹೆಚ್ಚು ವ್ಯತ್ಯಾಸ ಉಳಿದರೆ ಆಗ ಕೇಳಿ. ಹೊಸ ಟ್ಯಾಂಕರ್ ಇಳಿಸಿದ ದಿನವಾದರೆ, ಆ ಸರಕು ಬಂದ ಮೇಲೆ ಬೋರ್ಡಿನ ಅಂಕಿ ತಿದ್ದಿದ್ದಾರೆಯೇ ಎಂದು ಮೊದಲು ನೋಡಿ.